ನಡೆದುಕೊಂಡು ಬಂದರು ಅಂದ ಮಾತ್ರಕ್ಕೆ ಕತ್ತು ಸರಿ ಇದೆ ಅಂತಲ್ಲ

ಹಣೆಗೆ 5 ಹೊಲಿಗೆ ಹಾಕಿ ಮುಗಿಸಿದ್ದೆ. 70 ದಾಟಿದ ಹಿರಿಯರು. ಕಾಲು ಜಾರಿ ಮುಖ ಅಡಿಯಾಗಿ ಬಿದ್ದು, ತಾವೇ ಎದ್ದು, ಮಗನ ಜೊತೆ ನಡೆದುಕೊಂಡೇ ಎಮರ್ಜೆನ್ಸಿಗೆ ಬಂದಿದ್ದರು. ಹೊರಡುವಾಗ ಅಂಗಿಯ ಗುಂಡಿ ಹಾಕಿಕೊಳ್ಳಲು ಹೋದರು. ಆಗಲಿಲ್ಲ. ಬೆರಳು ಗುಂಡಿಯನ್ನು ಹಿಡಿಯುತ್ತದೆ, ಜಾರುತ್ತದೆ. ಬಿದ್ದಾಗಿನಿಂದ ಕೈ ಜೋಮು ಹಿಡಿದಿದೆ ಅಂದರು. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಹಣೆ ನೆಲಕ್ಕೆ ಬಡಿದಾಗ ತಲೆ ಹಿಂದಕ್ಕೆ ಮಡಚಿಕೊಳ್ಳುತ್ತದೆ. ವಯಸ್ಸಾದವರಲ್ಲಿ ಸವೆತದಿಂದಾಗಿ ಕತ್ತಿನಲ್ಲಿ ಬೆನ್ನುಹುರಿ ಹಾದುಹೋಗುವ ಜಾಗ ಮೊದಲೇ ಕಿರಿದಾಗಿರುತ್ತದೆ, ಹಾಗಾಗಿ ಒಂದು ಮೂಳೆಯೂ ಮುರಿಯದೆ ಹುರಿ ಅಲ್ಲಿ ನಜ್ಜಿಹೋಗಬಹುದು. ಸೆಂಟ್ರಲ್ ಕಾರ್ಡ್ ಸಿಂಡ್ರೋಮ್ ಅನ್ನುತ್ತೇವೆ. ಇದರಲ್ಲಿ ಕಾಲಿಗಿಂತ ಕೈಗೇ ಜಾಸ್ತಿ ಹೊಡೆತ. ಅದಕ್ಕೇ ಅವರು ನಡೆದು ಬಂದಿದ್ದು!

ಪೆಟ್ಟಾದ ಮೇಲೆ ಯಾರ ಕತ್ತಿಗೆ ಸ್ಕ್ಯಾನ್ ಬೇಕು ಅನ್ನುವುದಕ್ಕೆ ನಿಯಮಗಳು ಇಲ್ಲ ಅಂತಲ್ಲ. 2001ರಲ್ಲೇ ಕೆನಡಿಯನ್ ಸಿ-ಸ್ಪೈನ್ ರೂಲ್ ಬಂತು. ಎಚ್ಚರವಾಗಿದ್ದು ಬಿಪಿ, ಉಸಿರಾಟ ಸರಿ ಇರುವವರಿಗೆ ಅದು. ವಯಸ್ಸು 65 ಅಥವಾ ಜಾಸ್ತಿಯಾ? 3 ಅಡಿ ಅಥವಾ 5 ಮೆಟ್ಟಿಲು ಎತ್ತರದಿಂದ ಬಿದ್ದಂಥ, ಗಾಡಿ ಪಲ್ಟಿಯಾದಂಥ ಜೋರು ಪೆಟ್ಟಾ? ಕೈಕಾಲು ಜೋಮಾ? ಒಂದಕ್ಕೆ ಹೌದು ಅಂದರೂ ಸ್ಕ್ಯಾನ್. 'ಎದ್ದು ಓಡಾಡಿದ್ದಾರೆ' ಅನ್ನುವುದು ಆ ನಿಯಮದಲ್ಲಿ ಖಂಡಿತ ಇದೆ, ಆದರೆ ಅದು ಈ ಮೂರೂ ಇಲ್ಲ ಅಂತ ಆದ ಮೇಲಿನ ಮಾತು, ಆಗಲೂ ಕತ್ತನ್ನು ಎಡಕ್ಕೂ ಬಲಕ್ಕೂ 45 ಡಿಗ್ರಿ ತಾವಾಗಿ ತಿರುಗಿಸಿದರೆ ಮಾತ್ರ ಸ್ಕ್ಯಾನ್ ಬೇಡ. ನಾವು ಅದನ್ನೇ ಮೊದಲು ನೋಡಿ ಸಮಾಧಾನ ಮಾಡಿಕೊಳ್ಳುತ್ತೇವೆ. ನಾನೂ ಅವತ್ತು ಮಾಡಿದ್ದು ಅದನ್ನೇ.

ಇನ್ನೊಂದು ಸಮಾಧಾನ ಕಾಲರ್, ಅಂದರೆ ಕತ್ತು ಅಲುಗದ ಹಾಗೆ ಸುತ್ತ ಹಾಕುವ ಗಟ್ಟಿ ಪಟ್ಟಿ. ಕಾಲರ್ ಹಾಕಿದರೆ ಕತ್ತು ನೋಡಿದ ಹಾಗೆ ಅಂತ ಎಲ್ಲರಿಗೂ ಅನ್ನಿಸಿಬಿಡುತ್ತದೆ. ಗಂಟೆಗಟ್ಟಲೆ ಬಿಟ್ಟರೆ ಗದ್ದದ ಕೆಳಗೆ, ತಲೆಯ ಹಿಂದೆ ಚರ್ಮ ಹುಣ್ಣಾಗುತ್ತದೆ, ತಲೆಗೆ ಪೆಟ್ಟಾದವರಿಗೆ ಒಳಗಿನ ಒತ್ತಡ ಏರಬಹುದು, ಉಸಿರಿನ ಟ್ಯೂಬ್ ಹಾಕುವುದೂ ಕಷ್ಟ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಅನ್ನುವ, ಬೆನ್ನುಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳುವ ಕಾಯಿಲೆಯಿಂದ ಕತ್ತು ಮೊದಲೇ ಬಾಗಿ ಗಟ್ಟಿಯಾದವರಿಗಂತೂ ಕಾಲರ್‌ಗೆ ಹೊಂದಲಿ ಅಂತ ನೇರ ಮಾಡಲು ಹೋಗಲೇಬೇಡಿ, ಹುರಿಗೇ ಕುತ್ತು. ತಲೆ ಹೇಗಿತ್ತೋ ಹಾಗೇ ಇರಲಿ, ಕೆಳಗೆ ದಿಂಬು ಕೊಡಿ.

ಕೈಯಿಂದ ಮುಟ್ಟಿ ನೋಡಲು ಎಷ್ಟು ಹೊತ್ತು ಬೇಕು ಹೇಳಿ? ಒಬ್ಬರು ತಲೆಯನ್ನು ಎರಡೂ ಕಡೆಯಿಂದ ಅಲುಗದ ಹಾಗೆ ಹಿಡಿಯಬೇಕು. ಕಾಲರ್‌ನ ಮುಂದಿನ ಭಾಗ ತೆಗೆದು, ಬೆರಳನ್ನು ಹಿಂದಕ್ಕೆ ಸರಿಸಿ, ತಲೆಬುರುಡೆಯ ಬುಡದಿಂದ ನಟ್ಟನಡುವೆ ಒಂದೊಂದೇ ಮೂಳೆ ಒತ್ತುತ್ತಾ, ಕೆಳಗೆ ಉಬ್ಬಿ ನಿಂತ ಏಳನೇ ಮೂಳೆಯವರೆಗೆ ಬರಬೇಕು. ನೋಡಬೇಕಾದ್ದು ಮುಖವನ್ನು. ಪಕ್ಕದ ಮಾಂಸಖಂಡದ ನೋವಿಗೂ ನಡುವಿನ ಮೂಳೆಯ ನೋವಿಗೂ ವ್ಯತ್ಯಾಸ ಇದೆ, ನಡುಮೂಳೆ ಒತ್ತಿದಾಗ ಹುಬ್ಬು ಗಂಟಾದರೆ ಅಲ್ಲೇ ನಿಲ್ಲಿಸಿ. ಆಮೇಲೆ ಬೆರಳು ಅಗಲಿಸಿ, ನನ್ನ ಕೈ ಹಿಸುಕಿ, ಪಾದ ಮೇಲೆತ್ತಿ ಅನ್ನಿ. ತೊಡೆಮೂಳೆ ಮುರಿದು ಕೂಗುತ್ತಿರುವವರು, ಕುಡಿದವರು, ಮಂಪರಿನಲ್ಲಿರುವವರು ಕತ್ತು ನೋವಿಲ್ಲ ಅಂದರೆ ಆ ಮಾತನ್ನು ನಂಬಬೇಡಿ, ಪಾಪ ಅವರಿಗೇ ಗೊತ್ತಾಗುತ್ತಿರುವುದಿಲ್ಲ.

ಸ್ಕ್ಯಾನ್ ಬಗ್ಗೆಯೂ ಒಂದು ಮಾತು. ಸಿಟಿ ಮೂಳೆಯನ್ನು ಚೆನ್ನಾಗಿ ತೋರಿಸುತ್ತದೆ, ಹುರಿಯನ್ನು ಅಷ್ಟಾಗಿ ಅಲ್ಲ. ಸಿಟಿ ನಾರ್ಮಲ್, ಆದರೆ ಕೈ ಜೋಮು, ಬಲ ಇಲ್ಲ ಅಂದರೆ ಎಂಆರ್‌ಐ ಆಗಲೇಬೇಕು. ಆ ಹಿರಿಯರ ಸಿಟಿಯಲ್ಲಿ ಒಂದು ಬಿರುಕೂ ಇರಲಿಲ್ಲ. ಎಂಆರ್‌ಐನಲ್ಲಿ ಹುರಿ ಊದಿಕೊಂಡಿದ್ದು ಎದ್ದು ಕಾಣುತ್ತಿತ್ತು. ತಿಂಗಳುಗಳ ಫಿಸಿಯೋಥೆರಪಿ ಆದ ಮೇಲೆ ಲೋಟ ಹಿಡಿಯುವಷ್ಟು ಬಲ ಬಂತು. ಗುಂಡಿ ಮಾತ್ರ ಈಗಲೂ ಮಗನೇ ಹಾಕಬೇಕು.