ಚೆರ್ರಿ ಪೈ ಮತ್ತು ಚಿಕ್ಕಪ್ಪ

ಲಾಸ್ ಏಂಜಲೀಸಿನ ವಾರೆಂಟ್ ಅನ್ನೋ ರಾಕ್ ಬ್ಯಾಂಡಿನ ಹೆಸರು ಹೇಳಿದರೆ ಗೊತ್ತಿದ್ದವರೆಲ್ಲ ಒಂದೇ ಮಾತು ಹೇಳುತ್ತಾರೆ: ‘ಓ, ಚೆರ್ರಿ ಪೈ!’ ಅದು ಅವರ ಹಾಡುಗಳಲ್ಲಿ ಒಂದು, ಅಷ್ಟೇ. ನನಗೆ ಸಿಟ್ಟು ಬರೋದು ಅಲ್ಲೇ.

ಇವರದು ಗ್ಲ್ಯಾಮ್ ಮೆಟಲ್ ಅನ್ನೋ ಅಬ್ಬರದ ರಾಕ್ ಸಂಗೀತ, ಗಂಡಸರು ಡಬ್ಬಗಟ್ಟಲೆ ಹೇರ್‌ಸ್ಪ್ರೇ ಹೊಡೆದುಕೊಂಡು, ಬಿಗಿ ಪ್ಯಾಂಟಿನಲ್ಲಿ ಹೇಗೋ ಉಸಿರಾಡಿಕೊಂಡು ಹಾಡುತ್ತಿದ್ದ ಕಾಲ. 1989ರಲ್ಲಿ ಇವರ ಮೊದಲ ಆಲ್ಬಂ ಬಂತು. ಅದರಲ್ಲಿದ್ದ ‘ಹೆವನ್’ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಹೋಯಿತು. ನೆಮ್ಮದಿ ಅಲ್ಲಿಗೆ ಮುಗಿಯಿತು, ಎರಡನೇ ಆಲ್ಬಂ ಮಾಡಬೇಕಲ್ಲ.

ಹಾಡುಗಾರ ಜೇನಿ ಲೇನ್ ಪಾಪ ಶ್ರದ್ಧೆಯಿಂದಲೇ ಮಾಡಿದ್ದ. ‘ಅಂಕಲ್ ಟಾಮ್ಸ್ ಕ್ಯಾಬಿನ್’ ಅಂತ ಆಲ್ಬಂಗೆ ಹೆಸರೂ ಇಟ್ಟಾಗಿತ್ತು. ಆ ಹೆಸರಿನ ಹಾಡಿನಲ್ಲಿ ಪೊಲೀಸರೇ ಮಾಡಿದ ಕೊಲೆಯನ್ನು ಕಣ್ಣಾರೆ ಕಂಡವರ ಕಥೆಯಿದೆ. ಅಷ್ಟರಲ್ಲಿ ಆಲ್ಬಂ ಹೊರತರುತ್ತಿದ್ದ ಕೊಲಂಬಿಯಾ ಕಂಪನಿಯ ಮುಖ್ಯಸ್ಥರು, ಎಲ್ಲಾ ಸರಿ, ಜನ ಎದ್ದು ಕುಣಿಯೋ ಹಾಡು ಎಲ್ಲಿ ಅಂತ ಶುರು ಮಾಡಿದರು. ಲೇನ್ ಕೈಗೆ ಸಿಕ್ಕ ಪಿಜ್ಜಾ ಡಬ್ಬದ ಮೇಲೆ ಕಾಲು ಗಂಟೆಯಲ್ಲಿ ಏನೋ ಗೀಚಿ ಕೊಟ್ಟ ಅಂತ ಕಥೆ. ಅದೇ ‘ಚೆರ್ರಿ ಪೈ’. ಆಲ್ಬಂಗೂ ಅದೇ ಹೆಸರಾಯಿತು. 1990ರ ಸೆಪ್ಟೆಂಬರಿನಲ್ಲಿ ಬಿಡುಗಡೆ. ವಿಡಿಯೋದಲ್ಲಿ ಕುಣಿದ ಬಾಬಿ ಬ್ರೌನ್‌ಳನ್ನು ಲೇನ್ ಮರುವರ್ಷ ಮದುವೆಯೇ ಆದ, ಅದು ಬೇರೆ.

ಹಬ್ಬಕ್ಕೆ ಬೆವರು ಸುರಿಸಿ ಹೋಳಿಗೆ ಮಾಡಿದವರನ್ನು ಊರೆಲ್ಲ ‘ಆ ಉಪ್ಪಿಟ್ಟಿನವರು’ ಅಂತ ಕರೆದ ಹಾಗಾಯಿತು. ಈ ಹಾಡು ಯಾಕಾದರೂ ಬರೆದೆನೋ ಅಂತ ಲೇನ್ 2006ರಲ್ಲಿ ಟಿವಿ ಮುಂದೆ ಗೋಳಾಡಿದ. ಆಮೇಲೆ, ಅವತ್ತು ಮನಸ್ಸು ಸರಿ ಇರಲಿಲ್ಲ, ಜನ ಇಷ್ಟಪಡೋ ಹಾಡು ಬರೆದದ್ದು ಖುಷಿಯೇ ಅಂತಲೂ ಹೇಳಿದ. 2011ರಲ್ಲಿ, 47ನೇ ವಯಸ್ಸಿಗೇ ತೀರಿಕೊಂಡ.

ಆದರೆ ಆಲ್ಬಂ ಪೂರ್ತಿ ಕೇಳಿದವರು ಎಷ್ಟು ಜನ? ಪ್ರೀತಿಸಿದವಳು ತನ್ನ ಗೆಳೆಯನ ಜೊತೆಗೇ ಇದ್ದದ್ದನ್ನು ನೋಡಿ ಲೇನ್ ಬರೆದ ‘ಐ ಸಾ ರೆಡ್’ ಇದರಲ್ಲೇ ಇದೆ, ಅದೂ ಮೊದಲ ಹತ್ತರೊಳಗೆ ಬಂದಿತ್ತು. ಅದಕ್ಕೇ ನಾನು ಸಿಕ್ಕವರಿಗೆಲ್ಲ ಕೊನೇ ತನಕ ಕೇಳಿ ಅಂತ ಉಪದೇಶ ಮಾಡುತ್ತಿದ್ದೆ.

ತೊಂದರೆ ಇರೋದೇ ಆ ಕೊನೆಯಲ್ಲಿ. ಅಮೆರಿಕದ ಆಗಿನ ಸೆನೆಟರ್ ಅಲ್ ಗೋರ್ ಅವರ ಹೆಂಡತಿ ಟಿಪ್ಪರ್ ಗೋರ್, ಕೆಟ್ಟ ಮಾತಿರೋ ಆಲ್ಬಂಗಳ ಮೇಲೆ ಎಚ್ಚರಿಕೆ ಚೀಟಿ ಅಂಟಿಸಬೇಕು ಅಂತ ಹೋರಾಡಿದ್ದರು. ಸೇಡು ತೀರಿಸಿಕೊಳ್ಳಲು ವಾರೆಂಟ್‌ನವರು ತಾವು ಸ್ಟೇಜಿನ ಮೇಲೆ ಬೈದ ಬೈಗುಳಗಳನ್ನೆಲ್ಲ ಹೆಕ್ಕಿ, ಸಾಲಾಗಿ ಪೋಣಿಸಿ, ಆಲ್ಬಂ ಕೊನೆಗೆ ಟಿಪ್ಪರ್ ಹೆಸರಲ್ಲೇ ಹಾಕಿಬಿಟ್ಟರು. ಸಂಗೀತ ನೆಪಕ್ಕೆ, ಮಿಕ್ಕಿದ್ದೆಲ್ಲ ಬೈಗುಳ.

ಒಂದು ಶನಿವಾರ ಹಾಲ್‌ನ ಬ್ಲೂಟೂತ್ ಸ್ಪೀಕರಿನಲ್ಲಿ ಈ ಆಲ್ಬಂ ಓಡುತ್ತಿತ್ತು. ಫೋನು ಒಳಗೆ ರೂಮಿನಲ್ಲಿ ಚಾರ್ಜಿಗಿತ್ತು. ಗೇಟಿಗೆ ಅಡ್ಡ ಯಾರೋ ಕಾರು ನಿಲ್ಲಿಸಿದ್ದಾರೆ ಅಂತ ಕೆಳಗಿನ ಮನೆಯವರು ಕೂಗಿದರು, ಇಳಿದು ಹೋದೆ. ಅದೇ ಹೊತ್ತಿಗೆ ತುಮಕೂರಿನ ಚಿಕ್ಕಪ್ಪ ಧರ್ಮಸ್ಥಳದ ಪ್ರಸಾದ ಹಿಡಿದುಕೊಂಡು ಬಂದರು. ಚಿಕ್ಕಪ್ಪ ರಿಟೈರ್ಡ್ ಇಂಗ್ಲಿಷ್ ಲೆಕ್ಚರರ್. ಬೇರೆ ಯಾವ ನೆಂಟರು ಬಂದಿದ್ದರೂ ಅರ್ಥವಾಗದೆ ಬಚಾವಾಗುತ್ತಿದ್ದೆ!

ಕಾರಿನವನ ಜೊತೆ ವಾದ ಮುಗಿಸಿ ಮೆಟ್ಟಿಲು ಹತ್ತುವಾಗಲೇ ಕೇಳಿಸಿತು. ಕೇಳಿಸದೆ ಏನು, ಸ್ಪೀಕರ್ ಆಫ್ ಮಾಡಲು ಹೋದ ಅಮ್ಮ ಒತ್ತಿದ್ದು ಪ್ಲಸ್ ಬಟನ್ನು. ಬೀದಿಗೆಲ್ಲ ಬೈಗುಳದ ಮಳೆ. ನಾನು ಓಡಿ ಬಂದು ಪ್ಲಗ್ ಕಿತ್ತೆ, ಅದು ಬ್ಯಾಟರಿ ಸ್ಪೀಕರ್, ನಿಲ್ಲಲಿಲ್ಲ. ಕೊನೆಗೆ ಅದಾಗಿಯೇ ಮುಗಿಯಿತು.

ಚಿಕ್ಕಪ್ಪ ಕಾಫಿ ಲೋಟ ಕೆಳಗಿಟ್ಟರು. “ಉಚ್ಚಾರಣೆ ಸ್ಪಷ್ಟವಾಗಿದೆಯಪ್ಪಾ,” ಅಂದರು.

“ಚೆನ್ನಾಗೇ ಹಾಡ್ತಿದ್ರಲ್ಲೋ,” ಅಂದಳು ಅಮ್ಮ, “ಆಮೇಲೆ ಯಾಕೆ ಜಗಳಕ್ಕೆ ಬಿದ್ರು?”

ಈಗ ನಾನು ಸ್ಪೀಕರ್ ಮುಟ್ಟಿದರೆ ಸಾಕು, ಕೊನೇಲಿ ಜಗಳ ಇದೆಯೇನೋ ಅಂತ ಅಡುಗೆಮನೆಯಿಂದಲೇ ವಿಚಾರಣೆ. ಮೊನ್ನೆ ಭೀಮಸೇನ ಜೋಶಿಯವರ ದಾಸರ ಪದ ಹಾಕಿದಾಗಲೂ ಕೇಳಿದಳು.