ಅವರೇ ಇವರು

ನಮ್ಮ ಅಜ್ಜಿ ತೀರಿಕೊಂಡದ್ದು ಕಳೆದ ಆಟಿ ತಿಂಗಳಿನಲ್ಲಿ. ತೊಂಬತ್ತು ದಾಟಿದ್ದ ಜೀವ, ಮೂರೇ ದಿನ ಮಲಗಿ, ಯಾರಿಗೂ ಭಾರವಾಗದೆ ಹೋಯಿತೆಂದು ಊರೆಲ್ಲ ಕೊಂಡಾಡಿತು. ಭಾರವಾದದ್ದು ಆಮೇಲೆ, ಅದೂ ನನ್ನೊಬ್ಬನ ಹೆಗಲಿಗೆ. ಈ ವಾರ ಮೂರನೆಯ ಸಲ ನಮ್ಮ ಕಾಸರಗೋಡು ಕಡೆಯ ವಿಲ್ಲೇಜು ಆಫೀಸಿನಿಂದ ಬರಿಗೈಯಲ್ಲಿ ಮರಳಿ, ಒಳಗೆ ಹೋಗುವ ಧೈರ್ಯವಿಲ್ಲದೆ ಜಗಲಿಯಲ್ಲೇ ಕುಳಿತು ಇದನ್ನು ಬರೆಯುತ್ತಿದ್ದೇನೆ. ಹಾಗಾಗಿ ಹಿರಿಯರ ಸ್ಮರಣೆಗೆ ತಕ್ಕ ಗಾಂಭೀರ್ಯ ಅಲ್ಲಲ್ಲಿ ತಪ್ಪಿದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ವಿಷಯ ಇಷ್ಟೇ. ತವರಿನವರು ಅಜ್ಜಿಗೆ ಬಳುವಳಿಯಾಗಿ ಕೊಟ್ಟ ನಲುವತ್ತು ಸೆಂಟ್ಸ್ ಅಡಕೆ ತೋಟವನ್ನು ಈಗ ಮಕ್ಕಳ ಹೆಸರಿಗೆ ಮಾಡಿಸಬೇಕಾಗಿದೆ. ಆ ಪತ್ರದಲ್ಲಿ ಅಜ್ಜಿಗೆ ಒಂದು ಹೆಸರಾದರೆ ರೇಷನ್ ಕಾರ್ಡಿನಲ್ಲಿ ಇನ್ನೊಂದು. ವೋಟಿನ ಗುರುತುಚೀಟಿಯಲ್ಲಿರುವುದು ಆ ಇನ್ನೊಂದೇ ಹೌದಾದರೂ, ಕೊನೆಯ ಅಕ್ಷರ ಯಾರದೋ ಕೈತಪ್ಪಿನಿಂದ ಬದಲಾಗಿ, ಶುದ್ಧ ಗಂಡಸಿನ ಹೆಸರಾಗಿಬಿಟ್ಟಿದೆ. ಈ ಮೂವರೂ ಒಬ್ಬರೇ ಎಂಬುದಕ್ಕೆ ‘ವನ್ ಆಂಡ್ ದ ಸೇಮ್’ ಎಂಬ ಸರ್ಟಿಫಿಕೇಟು ಬೇಕು. ಆ ಹೆಸರುಗಳನ್ನು ನಾನಿಲ್ಲಿ ಬರೆಯುವುದಿಲ್ಲ; ಅಚ್ಚಿನ ದೋಷದಿಂದ ನಾಲ್ಕನೆಯದೊಂದು ಹುಟ್ಟಿಕೊಂಡರೆ ಅದಕ್ಕೂ ನಾನೇ ಓಡಾಡಬೇಕಾದೀತು.

ಎರಡು ಹೆಸರು ಬಂದುದರಲ್ಲಿ ಅಜ್ಜಿಯ ತಪ್ಪೇನೂ ಇಲ್ಲ. ಮದುವೆಯಾಗಿ ಬಂದ ಮನೆಯಲ್ಲಿ ಅತ್ತೆಯ ಹೆಸರೂ ಅದೇ ಆಗಿತ್ತು. ಸೊಸೆಯನ್ನು ಗದರಿಸಿದರೆ ಅತ್ತೆಗೆ ತಾಗುವ ಅಪಾಯವಿದ್ದುದರಿಂದ ಹುಡುಗಿಗೆ ಬೇರೆ ಹೆಸರಿಟ್ಟರು. ವಿಚಿತ್ರವೆಂದರೆ, ಅಷ್ಟು ಮುತುವರ್ಜಿಯಿಂದ ಇಟ್ಟ ಆ ಹೆಸರನ್ನೂ ಯಾರೂ ಬಳಸಲಿಲ್ಲ. ಅಜ್ಜ ಅವರನ್ನು ಕರೆಯುತ್ತಿದ್ದುದು ‘ಇದಾ’ ಎಂದು. ಆರು ಮಕ್ಕಳಿಗೆ ಅಮ್ಮ, ನಮಗೆಲ್ಲ ಅಜ್ಜಿ, ನೆರೆಕರೆಗೆ ಅಕ್ಕ. ಪೇಟೆಯ ಅಂಗಡಿಯ ಸಾಲದ ಪುಸ್ತಕದಲ್ಲಿ ಕೂಡ ಅವರು ‘ಮೇಲಿನ ಮನೆ’ ಮಾತ್ರ ಆಗಿದ್ದರು.

ಇನ್ನು ಅಜ್ಜಿಯಂತೂ ಅಜ್ಜನ ಹೆಸರನ್ನು ನಾಲಗೆಯ ಮೇಲೆ ತಂದವರೇ ಅಲ್ಲ. ಈಗಿನ ನನ್ನ ಅಲೆದಾಟದ ಅರ್ಧ ಪಾಲು ಈ ಪತಿಭಕ್ತಿಯ ಫಲ.

ನಾನು ಎಂಟು ವರ್ಷದವನಿದ್ದಾಗ ರೇಷನ್ ಕಾರ್ಡಿನ ಲೆಕ್ಕ ಬರೆಯಲು ತೆಂಕಣ ಕಡೆಯ ಮಲಯಾಳಿ ಒಬ್ಬರು ಬಂದಿದ್ದರು. ಅಜ್ಜ ಪೇಟೆಗೆ ಹೋಗಿದ್ದರು. ಅಜ್ಜಿ ಹಪ್ಪಳಕ್ಕೆಂದು ಹಲಸಿನಕಾಯಿ ಕೊರೆದು, ಎರಡೂ ಕೈಗೆ ತೆಂಗಿನೆಣ್ಣೆ ಸವರಿಕೊಂಡು ಸೊಳೆ ಬಿಡಿಸುತ್ತಿದ್ದರು. ಬಂದವರಿಗೆ ಬೆಲ್ಲ-ನೀರು ಆಯಿತು, ಮಕ್ಕಳ ಹೆಸರು ಆಯಿತು. ‘ಭರ್ತಾವಿನ್ಡೆ ಪೇರು?’ ಎಂದು ಗಂಡನ ಹೆಸರು ಕೇಳುವಲ್ಲಿಗೆ ಬಂಡಿ ನಿಂತಿತು. ಅಜ್ಜಿ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಗೋಡೆಯ ಕಡೆ ಗಲ್ಲ ಎತ್ತಿದರು. ಕೈಯಲ್ಲಿ ತೋರಿಸಲು ಎಣ್ಣೆ, ಮೇಣ. ಗೋಡೆಯಲ್ಲಿ ಜವಳಿ ಅಂಗಡಿಯ ಕ್ಯಾಲೆಂಡರು. ಅದರಲ್ಲಿ ಶಿವನ ಸಂಸಾರ ಸಮಸ್ತವೂ ಇತ್ತು. ಬಂದವರು ಮೊದಲು ಶಿವನ ಮೇಲೆ ಪೆನ್ನು ಇಟ್ಟರು. ಅಜ್ಜಿ ತಲೆಯಾಡಿಸಿ, ‘ಅವರಲ್ಲ, ಅವರ ಮಗ’ ಎಂದರು. ಮಕ್ಕಳು ಇಬ್ಬರು. ‘ಸಣ್ಣವರು’ ಎಂದರು. ಗಂಡನ ಹೆಸರಿನವನಾದುದರಿಂದ ದೇವರಿಗೂ ಬಹುವಚನ! ಅಜ್ಜಿಯ ಮನಸ್ಸಿನಲ್ಲಿ ಇದ್ದುದು ನವಿಲಿನವನು. ಆದರೆ ಚಿತ್ರ ಬರೆದವನು ಅವನನ್ನು ವೇಲಾಯುಧ ಸಮೇತ ಎತ್ತರಕ್ಕೆ ನಿಲ್ಲಿಸಿ, ಇಲಿಯವನನ್ನು ತಾಯಿಯ ತೊಡೆಯ ಮೇಲೆ ಪುಟ್ಟದಾಗಿ ಕೂರಿಸಿದ್ದ. ಬಂದವರು ನ್ಯಾಯವಾಗಿಯೇ ಸಣ್ಣವನ ಮೇಲೆ ಪೆನ್ನು ಇಟ್ಟು ‘ಇದಾಣೋ?’ ಎಂದು ಕೇಳುವುದಕ್ಕೂ ಒಳಗೆ ಹಾಲು ಉಕ್ಕುವುದಕ್ಕೂ ಸರಿಹೋಯಿತು. ಅಜ್ಜಿ ‘ಹೂಂ ಹೂಂ’ ಎನ್ನುತ್ತ ಒಳಗೆ ಓಡಿದರು.

ನಾನು ಅಲ್ಲೇ ನಿಂತಿದ್ದೆ. ಅಜ್ಜನ ಹೆಸರು ನನಗೆ ಗೊತ್ತಿತ್ತು. ಆದರೆ ಬಾಯಿ ತುಂಬ ಹಲಸಿನ ಸೊಳೆ ಇತ್ತು, ಅದಲ್ಲದೆ ದೊಡ್ಡವರ ಮಾತಿನ ನಡುವೆ ಬಾಯಿ ಹಾಕಬಾರದೆಂದು ಹಿಂದಿನ ದಿನವಷ್ಟೇ ಪೆಟ್ಟು ತಿಂದಿದ್ದೆ.

ಹೀಗೆ ಅಜ್ಜ ಜೀವಮಾನವಿಡೀ ಅಣ್ಣದೇವರ ಹೆಸರಿನಲ್ಲಿ ಸಕ್ಕರೆ, ಸೀಮೆಎಣ್ಣೆ ತಂದರು. ತಿದ್ದಿಸಬಾರದೇ ಎಂದು ಯಾರಾದರೂ ಕೇಳಿದರೆ, ‘ಯಾವ ಮಗ ಆದರೆ ಎಂತ, ಅಪ್ಪ ಒಬ್ಬನೇ ಅಲ್ಲವಾ?’ ಎನ್ನುತ್ತಿದ್ದರು. ಅವರಿಗೇನು, ಹೇಳಿಬಿಟ್ಟು ಹೋದರು. ಈಗ ಆಫೀಸಿನ ಮೇಜಿನ ಮೇಲೆ ಕಾಗದಗಳನ್ನು ಹರಡಿದರೆ, ಗಂಡನ ಹೆಸರು ಹೇಳಿದರೆ ಆಯುಷ್ಯ ಕಡಿಮೆಯಾದೀತೆಂದು ನಂಬಿ ಬಾಳಿದ ಹೆಂಗಸಿಗೆ ಎರಡು ಹೆಸರು, ಇಬ್ಬರು ಗಂಡಂದಿರು. ಸಾಲದ್ದಕ್ಕೆ ಮತದಾನದ ದಿನ ಸ್ವತಃ ಗಂಡಸು. ಎಳೆ ವಯಸ್ಸಿನ ಅಧಿಕಾರಿ ಕನ್ನಡಕ ತೆಗೆದು ಒರೆಸಿ, ‘ಇದೆಲ್ಲಾಂ ಒರಾಳಾಣೋ?’ ಎಂದು, ಅಂದರೆ ಇವೆಲ್ಲ ಒಬ್ಬರೇಯೋ ಎಂದು, ಕೇಳಿದ್ದರಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ, ಸಿಟ್ಟಂತೂ ಬಂತು.

ಮತ್ತೆ ಅವರ ಕಣ್ಣು ಪತ್ರದ ವಿಳಾಸದ ಮೇಲೆ ಬಿತ್ತು: ಮದ್ರಾಸು ರಾಜ್ಯ, ದಕ್ಷಿಣ ಕನ್ನಡ ಜಿಲ್ಲೆ, ಕಾಸರಗೋಡು ತಾಲೂಕು. ಇವರು ಕೇರಳಕ್ಕೆ ಬಂದು ನೆಲೆಸಿದ್ದು ಯಾವಾಗ ಎಂದರು. ಅಜ್ಜಿ ಬಂದವರಲ್ಲ, 1956ರ ನವೆಂಬರ್ 1ರಂದು ಕೇರಳವೇ ಅಜ್ಜಿಯ ಅಂಗಳಕ್ಕೆ ಬಂದದ್ದೆಂದು ವಿವರಿಸಬೇಕಾಯಿತು. ಮೊದಲು ಮಲಬಾರು ಜಿಲ್ಲೆ, 1957ರ ಜನವರಿಯಿಂದ ಕಣ್ಣೂರು, 1984ರ ಮೇ 24ರಿಂದ ಕಾಸರಗೋಡು. ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಹಿಡಿಯುತ್ತ, ತೋಟಕ್ಕೂ ಅಡುಗೆಮನೆಗೂ ನಡೆದದ್ದು ಬಿಟ್ಟರೆ ಎಲ್ಲಿಗೂ ಹೋಗದ ಅಜ್ಜಿ ಎರಡು ರಾಜ್ಯ, ನಾಲ್ಕು ಜಿಲ್ಲೆ ತಿರುಗಿದಂತಾಯಿತು.

ಗುರುತು ಹೇಳುವ ಇಬ್ಬರು ಸಾಕ್ಷಿಗಳು ಬೇಕೆಂದರು. ಎರಡನೆಯ ಸಲ, ಎಂಬತ್ತೈದು ದಾಟಿದ ನೆರೆಮನೆಯ ಅಜ್ಜನನ್ನು ಆಟೋ ಮಾಡಿ ಕರೆದುಕೊಂಡು ಹೋದೆ. ಸತ್ತವರ ಹೆಸರೇನು ಎಂಬ ಮೊದಲ ಪ್ರಶ್ನೆಗೇ ಅವರು ನನ್ನ ಮುಖ ನೋಡಿ, ‘ಅಕ್ಕನಿಗೆ ಹೆಸರು ಉಂಟಾ?’ ಎಂದರು.

ಉಂಟಿತ್ತು. ವರ್ಷಕ್ಕೊಮ್ಮೆ, ಅಡಕೆ ಕೊಯ್ಲು ಮುಗಿದ ಮೇಲೆ, ತವರಿನಿಂದ ಅಜ್ಜಿಯ ತಮ್ಮ ಬರುತ್ತಿದ್ದರು. ಅವರಿಗಿಂತ ಎರಡೇ ವರ್ಷಕ್ಕೆ ಸಣ್ಣವರಾದುದರಿಂದ ಅಕ್ಕ ಎನ್ನುವ ರೂಢಿ ಇರಲಿಲ್ಲ. ಅಂಗಳದ ತುದಿಯಿಂದಲೇ ಆ ಹಳೆಯ ಹೆಸರನ್ನು, ಅದನ್ನೂ ಅರ್ಧಕ್ಕೆ ತುಂಡರಿಸಿ, ಕೂಗುತ್ತಿದ್ದರು. ಒಳಗಿನಿಂದ ‘ಓ’ ಎನ್ನುವ ಸ್ವರ ಯಾರದೆಂದು ನಮಗೆ ಒಂದು ಕ್ಷಣ ತಿಳಿಯುತ್ತಿರಲಿಲ್ಲ. ತಮ್ಮ ಹೋಗಿ ಹದಿನಾರು ವರ್ಷವಾಯಿತು. ಆಮೇಲೆ ಆ ಹೆಸರನ್ನು ಗಟ್ಟಿಯಾಗಿ ಹೇಳಿದ್ದು ನಾನೇ ಇರಬೇಕು, ವಿಲ್ಲೇಜು ಆಫೀಸಿನ ಕಿಟಕಿಯಲ್ಲಿ, ಅದೂ ಅಕ್ಷರ ಅಕ್ಷರ ಬಿಡಿಸಿ.

ನಿನ್ನೆ ಬೇರೆ ಕಾಗದ ಹುಡುಕಲೆಂದು ಅಟ್ಟ ಹತ್ತಿದಾಗ ತಾಮ್ರದ ಚೆಂಬೊಂದು ಸಿಕ್ಕಿತು. ಹುಣಸೆಹುಳಿ ಹಾಕಿ ಉಜ್ಜಿದರೆ ಕಂಠದ ಸುತ್ತ ಚುಕ್ಕೆ ಚುಕ್ಕೆಯಾಗಿ ಕೊರೆದ ತವರಿನ ಹೆಸರು. ಜಾಗ ಸಾಲದೆ ಕೊನೆಯ ಅಕ್ಷರ ಹೊಟ್ಟೆಯ ಕಡೆಗೆ ಜಾರಿದೆ. ಅದರ ಕೆಳಗೆ ಬೇರೆಯದೇ ಕೈಯಿಂದ, ಇನ್ನೂ ದಪ್ಪ ಚುಕ್ಕೆಗಳಲ್ಲಿ, ಈ ಮನೆಯ ಹೆಸರು. ಎರಡೂ ಒಂದೇ ಚೆಂಬಿನ ಮೇಲೆ! ಇದಕ್ಕಿಂತ ದೊಡ್ಡ ದಾಖಲೆ ಯಾವುದಿದ್ದೀತೆಂದು ಇವತ್ತು ಅದನ್ನು ಚೀಲದಲ್ಲಿ ಹಾಕಿಕೊಂಡು, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೋದೆ. ಅಧಿಕಾರಿಗೆ ಕನ್ನಡ ಓದಲು ಬಾರದು. ಆದರೂ ಚೆಂಬನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ಚುಕ್ಕೆಗಳನ್ನು ಸವರಿ, ತಮ್ಮ ಮನೆಯಲ್ಲಿಯೂ ಅಮ್ಮೂಮ್ಮನದು ಇಂಥದೊಂದು ಇದೆಯೆಂದರು. ಅನಂತರ ಇದನ್ನು ಸ್ಕ್ಯಾನ್ ಮಾಡುವುದು ಹೇಗೆಂದು ಕೇಳಿ, ಸೋಮವಾರ ಮುದ್ರೆಕಾಗದದಲ್ಲಿ ಅಫಿಡವಿಟ್ ಮಾಡಿಸಿ ತರಲು ಹೇಳಿದರು. ನಾನು ಸಿಟ್ಟಿನಲ್ಲಿ ಕಾಗದಗಳನ್ನೆಲ್ಲ ಬಾಚಿ ಚೀಲಕ್ಕೆ ತುಂಬಿ, ಹೊರಟುನಿಂತಿದ್ದ ಬಸ್ಸಿಗೆ ಓಡಿದೆ.

ಒಳಗಿನಿಂದ ಅತ್ತೆ ಕೇಳುತ್ತಿದ್ದಾರೆ. ಸರ್ಟಿಫಿಕೇಟು ಸಿಕ್ಕಿತೇ ಎಂದಲ್ಲ.

‘ಅಮ್ಮನ ಚೆಂಬು ಎಲ್ಲಿ ಮಾರಾಯ?’