ಒಂದಕ್ಷರ ಜಾಸ್ತಿ

ಜೀವಿಗಳ ವಿಕಾಸದ ಬಗ್ಗೆ ಡಾರ್ವಿನ್ ಬರೆದ 'ಆರಿಜಿನ್ ಆಫ್ ಸ್ಪೀಶೀಸ್' ಪುಸ್ತಕದ ಮೊದಲ ಮುದ್ರಣದ 20ನೇ ಪುಟ, 11ನೇ ಸಾಲು. ಅಲ್ಲಿ 'ಸ್ಪೀಶೀಸ್' ಎಂಬ ಪದದೊಳಗೆ ಒಂದು ಇಂಗ್ಲಿಷ್ 'e' ಜಾಸ್ತಿ ಬಿದ್ದಿದೆ. ಮೊಳೆ ಜೋಡಿಸಿದವನ ಕಣ್ಣು ತಪ್ಪಿರಬೇಕು. ಪುಸ್ತಕದ ಹೆಸರಲ್ಲೇ ಇರುವ ಪದವನ್ನು ತಪ್ಪಾಗಿ ಅಚ್ಚು ಹಾಕುವುದೆಂದರೆ! ಆದರೆ ಹಳೆಯ ಪುಸ್ತಕದ ಹುಚ್ಚು ಹಿಡಿದವರು ಮೊದಲು ತೆರೆಯುವುದು ಆ ಪುಟವನ್ನೇ. ತಪ್ಪಿದ್ದರೆ ಮುಖ ಅರಳುತ್ತದೆ. ತಿದ್ದಿದ್ದರೆ ಅದು 1860ರ ಎರಡನೆಯ ಮುದ್ರಣವೋ, ಆಮೇಲಿನದೋ. ಜೀವ ಅಲ್ಲೇ ಕುಸಿಯುತ್ತದೆ.

1859ರ ನವೆಂಬರ್‌ನಲ್ಲಿ ಹಸಿರು ಬಟ್ಟೆಯ ರಟ್ಟು ಹೊದ್ದು ಬಂದ ಪ್ರತಿಗಳು 1,250 ಮಾತ್ರ. ತಮಾಷೆಯೆಂದರೆ, ಅದರಲ್ಲಿ 'ಎವಲ್ಯೂಶನ್' (ವಿಕಾಸ) ಎಂಬ ಪದವೇ ಇಲ್ಲ. ಅದು ಸೇರಿದ್ದು 1872ರ ಆರನೆಯ ಆವೃತ್ತಿಯಲ್ಲಿ. ವಿಜ್ಞಾನಿಗೆ ಬೇಕಾದದ್ದು ತಿದ್ದಿದ ಪುಸ್ತಕ, ಸಂಗ್ರಾಹಕನಿಗೆ ತಿದ್ದದ ಪುಸ್ತಕ. ಇಬ್ಬರೂ ಅದೇ ಡಾರ್ವಿನ್ನನ ಭಕ್ತರೇ, ಅಲ್ವಾ?

ನ್ಯೂಟನ್ನನ ಕಥೆ ನನಗೆ ಇನ್ನೂ ಇಷ್ಟ. ಚಲನೆ, ಗುರುತ್ವಗಳ ನಿಯಮ ಹೇಳಿದ ಅವನ 'ಪ್ರಿನ್ಸಿಪಿಯಾ' ಅಚ್ಚಾಗುವ ಹೊತ್ತಿಗೆ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಕೈ ಖಾಲಿ. ಇದ್ದ ದುಡ್ಡನ್ನೆಲ್ಲ ಮೀನುಗಳ ಮೇಲಿನ ಒಂದು ದಪ್ಪ ಸಚಿತ್ರ ಪುಸ್ತಕಕ್ಕೆ ಸುರಿದಿದ್ದರು. ಅದು ಮಾರಾಟವಾಗಲಿಲ್ಲ. ಕೊನೆಗೆ 1687ರಲ್ಲಿ ನ್ಯೂಟನ್ನನ ಪುಸ್ತಕಕ್ಕೆ ಸೊಸೈಟಿಯ ಗುಮಾಸ್ತನಾಗಿದ್ದ ಖಗೋಳ ವಿಜ್ಞಾನಿ ಎಡ್ಮಂಡ್ ಹ್ಯಾಲಿ ತನ್ನ ಜೇಬಿನಿಂದ ಹಣ ಹಾಕಿದ. ಪಾಪ, ಸೊಸೈಟಿ ಅವನಿಗೆ ಸಂಬಳದ ಬದಲು ಕೊಟ್ಟದ್ದೂ ಉಳಿದ ಮೀನಿನ ಪುಸ್ತಕಗಳನ್ನೇ! ಅದೇ 'ಪ್ರಿನ್ಸಿಪಿಯಾ'ದ ಮೊದಲ ಮುದ್ರಣದ ಒಂದು ಪ್ರತಿ 2016ರ ಹರಾಜಿನಲ್ಲಿ 37 ಲಕ್ಷ ಡಾಲರ್‌ಗೆ ಹೋಯಿತು.

ಇಷ್ಟು ದುಡ್ಡು ಓಡಾಡುವ ಕಡೆ ಕಳ್ಳರು ಸುಮ್ನೆ ಇರುತ್ತಾರೆಯೇ? 2005ರಲ್ಲಿ ನ್ಯೂಯಾರ್ಕಿಗೆ ದೂರದರ್ಶಕದಲ್ಲಿ ಕಂಡ ಚಂದ್ರನ ಬಗ್ಗೆ ಹೇಳುವ ಗೆಲಿಲಿಯೊನ 1610ರ ಪುಸ್ತಕದ ಒಂದು ಪ್ರತಿ ಬಂತು. ಅಚ್ಚಿನ ಚಿತ್ರ ಇರಬೇಕಾದ ಕಡೆ ಕೈಯಲ್ಲಿ ಬಿಡಿಸಿದ ಚಂದ್ರ. ಗೆಲಿಲಿಯೊನೇ ಕುಂಚ ಹಿಡಿದಿದ್ದಾನೆ ಎಂದು ದೊಡ್ಡ ಪಂಡಿತರೇ ಒಪ್ಪಿದರು. 2012ರಲ್ಲಿ ನಿಕ್ ವೈಲ್ಡಿಂಗ್ ಎಂಬ ಇತಿಹಾಸಕಾರ ಅದು ಖೋಟಾ ಎಂದು ತೋರಿಸಿಕೊಟ್ಟ. ಆ ಪಂಡಿತರ ಬಗ್ಗೆ ನನಗೆ ನಗು ಬರುವುದಿಲ್ಲ. ಅಂಥ ಪ್ರತಿ ಕಣ್ಣೆದುರು ಇದ್ದರೆ ನಾನೂ ನಂಬಿಬಿಡುತ್ತಿದ್ದೆ.

ನನ್ನ ಬಳಿ ಇರುವುದು ಡಾರ್ವಿನ್ನನ ಒಂದು ಅಗ್ಗದ ಮರುಮುದ್ರಣ. ಇದನ್ನೆಲ್ಲ ಓದಿದ ರಾತ್ರಿ ಎದ್ದು ಹೋಗಿ ಆ ಸಾಲನ್ನು ಹುಡುಕಿದೆ. ಬೇರೆ ಪುಟದಲ್ಲಿತ್ತು. ಹಾಳಾದ್ದು, ಅಕ್ಷರಗಳೆಲ್ಲ ಸರಿಯಾಗಿಯೇ ಇದ್ದವು.